ಹೊರವರ್ತುಲ ರಸ್ತೆಯ ಸೈಕಲ್ ಪಥ: ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರಿಗೆ ಬಹಿರಂಗ ಪತ್ರ



ಸಿಲ್ಕ್ ಬೋರ್ಡ್ ಜಂಕ್ಷನ್‌ನಿಂದ ಕೆ.ಆರ್. ಪುರದವರೆಗಿನ ಹೊರವರ್ತುಲ ರಸ್ತೆಯನ್ನು ಮೆಟ್ರೊ ನೀಲಿ ಮಾರ್ಗದ ಕಂಬಗಳಿಗಾಗಿ ಅಗೆದು, ಕಿರಿದುಗೊಳಿಸಿ, ತೇಪೆ ಹಾಕಿ ನಡೆಸಲಾಗಿದ್ದು, ಆ ಕಾಮಗಾರಿ ಮುಗಿಯುತ್ತಿದ್ದಂತೆ ರಸ್ತೆಯನ್ನು ಅಂಚಿನಿಂದ ಅಂಚಿಗೆ ಮತ್ತೆ ಕಟ್ಟಬೇಕಾದ ಹೊಣೆ ಪ್ರಾಧಿಕಾರದ್ದಾಗಿದೆ. ಸುಮಾರು 17 ಕಿ.ಮೀ. ಉದ್ದದ ಈ ರಸ್ತೆಯಲ್ಲಿ 2020ರಲ್ಲಿ ಸೈಕಲ್ ಪಥವೊಂದು ಕಾಣಿಸಿಕೊಂಡು, ಸ್ವಲ್ಪ ಕಾಲದಲ್ಲೇ ಮರೆಯಾಯಿತು. ಹೊಸ ರಸ್ತೆಯ ನಕ್ಷೆಯಲ್ಲಿ ಸೈಕಲ್‌ಗೆ ಜಾಗ ಇರಬೇಕೆಂಬ ಮಾತನ್ನು ಇಂದು ಯಾರೂ ಬಹಿರಂಗವಾಗಿ ವಿರೋಧಿಸುವುದಿಲ್ಲವಾದ್ದರಿಂದ ಆ ಮಾತನ್ನು ಇಲ್ಲಿ ಮತ್ತೆ ವಾದಿಸುವ ಅಗತ್ಯವಿಲ್ಲ. ಆ ಜಾಗ ಎಲ್ಲಿ ತುಂಡಾಗುತ್ತದೆ, ತುಂಡಾದಲ್ಲಿ ಅದನ್ನು ಜೋಡಿಸುವ ಹೊಣೆ ಯಾರದು ಎಂಬುದಷ್ಟೇ ಈ ಪತ್ರದ ವಿಷಯ.

2020ರ ಪಥವು ‘ತಾತ್ಕಾಲಿಕ ಪಥ’ ಎಂಬ ವರ್ಗಕ್ಕೆ ಸೇರಿದ್ದು, ಅಂದರೆ ರಸ್ತೆಯ ರಚನೆಯನ್ನು ಬದಲಿಸದೆ, ಇರುವ ಡಾಂಬರಿನ ಮೇಲೆಯೇ ಬಣ್ಣ ಬಳಿದು, ಬೊಲ್ಲಾರ್ಡ್‌ಗಳನ್ನು, ಎಂದರೆ ವಾಹನ ನುಗ್ಗದಂತೆ ತಡೆಯುವ ಗಿಡ್ಡ ಕಂಬಗಳನ್ನು, ಸಾಲಾಗಿ ನೆಟ್ಟು ಗುರುತಿಸಿದ ಪಟ್ಟಿ. ಅದಕ್ಕೂ ಒಂದು ವರ್ಷ ಮೊದಲು, 2019ರಲ್ಲಿ, ಇದೇ ರಸ್ತೆಯಲ್ಲಿ ಬಿಎಂಟಿಸಿ ಬಸ್‌ಗಳಿಗಾಗಿ ಆದ್ಯತಾ ಪಥವೊಂದು ಸಿದ್ಧವಾಗಿತ್ತು. ಕೋವಿಡ್ ಕಾಲದಲ್ಲಿ ಜನರು ಇಕ್ಕಟ್ಟಿನ ಪ್ರಯಾಣಕ್ಕೆ ಹೆದರಿದಾಗ ಕೇಂದ್ರದ ಸ್ಮಾರ್ಟ್ ಸಿಟಿ ಮಿಷನ್ ದೇಶದ ನಗರಗಳಿಗೆ ಸೈಕಲ್ ಪಥಗಳ ಪ್ರಯೋಗಕ್ಕೆ ಕರೆಕೊಟ್ಟ ಸಂದರ್ಭದಲ್ಲಿ ಸೈಕಲ್ ಪಟ್ಟಿಯೂ ಆ ಬಸ್ ಪಥದ ಜೊತೆಗೂಡಿತು. ಪ್ರಯೋಗವೆಂದ ಮೇಲೆ ಅದರಿಂದ ಕಲಿಯಬೇಕಾದ ಪಾಠವಿರುತ್ತದೆ. ದುರದೃಷ್ಟವಶಾತ್, ದ್ವಿಚಕ್ರ ವಾಹನಗಳು ಒಳನುಗ್ಗಿದವು, ಬೊಲ್ಲಾರ್ಡ್‌ಗಳು ಮುರಿದವು, ಕೆಲವು ಕಳುವಾದವು, ಕೊನೆಗೆ ಮೆಟ್ರೊ ಕಾಮಗಾರಿ ಬಂದಿತು ಎಂಬಷ್ಟಕ್ಕೇ ಆ ಪಾಠದ ಚರ್ಚೆ ನಿಂತುಹೋಯಿತು. ಬೊಲ್ಲಾರ್ಡ್‌ನ ಕಥೆಯನ್ನೇ ಸ್ವಲ್ಪ ಬಿಡಿಸಿ ನೋಡಿದರೂ ದೋಷ ಕಳ್ಳನದ್ದಷ್ಟೇ ಅಲ್ಲ ಎಂಬುದು ತಿಳಿಯುತ್ತದೆ. ಸೈಕಲ್ ಸಲೀಸಾಗಿ ಹಾದುಹೋಗುವಷ್ಟು ಅಂತರವಿಟ್ಟು ಕಂಬ ನೆಟ್ಟರೆ ಅದೇ ಅಂತರದಲ್ಲಿ ಸ್ಕೂಟರೂ ಹಾದುಹೋಗುತ್ತದೆ. ಸ್ಕೂಟರ್ ತಡೆಯುವಷ್ಟು ಒತ್ತಾಗಿ ನೆಟ್ಟರೆ ಹಿಂದೆ ಹಾಲಿನ ಕ್ರೇಟ್ ಕಟ್ಟಿಕೊಂಡ ಸೈಕಲ್ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಎತ್ತರಿಸಿದ ಅಂಚುಕಲ್ಲಿನ ಆಚೆ, ಚಾಲನಾ ಪಥದಿಂದ ಮಟ್ಟದಲ್ಲೇ ಬೇರ್ಪಟ್ಟ ಪಥವೊಂದೇ ನಿಜವಾದ ಪರಿಹಾರ. ಭಾರತೀಯ ರಸ್ತೆ ಕಾಂಗ್ರೆಸ್, ಅಂದರೆ ದೇಶದ ರಸ್ತೆ ನಿರ್ಮಾಣಕ್ಕೆ ಮಾನದಂಡಗಳನ್ನು ರೂಪಿಸುವ ಇಂಜಿನಿಯರುಗಳ ಸಂಸ್ಥೆ, ಸೈಕಲ್ ಪಥಗಳ ವಿನ್ಯಾಸಕ್ಕೆಂದೇ ತನ್ನ 11ನೇ ಸಂಹಿತೆಯನ್ನು 2015ರಲ್ಲಿ ಪರಿಷ್ಕರಿಸಿರುವುದರಿಂದ, ತಾಂತ್ರಿಕ ಮಾರ್ಗದರ್ಶನದ ಕೊರತೆ ಇತ್ತೆಂದು ಹೇಳಲಾಗದು.

ಆದರೂ ಬೊಲ್ಲಾರ್ಡ್ ಗೌಣ ವಿಷಯ. ಸೈಕಲ್ ಪಥದ ಹಣೆಬರಹ ನಿಶ್ಚಯವಾಗುವುದು ನೇರ ಹಾದಿಯಲ್ಲಲ್ಲ, ಕೂಡುರಸ್ತೆಯಲ್ಲಿ. ಹೊರವರ್ತುಲ ರಸ್ತೆಗೆ ಮುಖ್ಯ ಪಥ ಮತ್ತು ಸರ್ವಿಸ್ ರಸ್ತೆ ಎಂಬ ಎರಡು ಭಾಗಗಳಿದ್ದು, ಅಗರ, ಇಬ್ಬಲೂರು, ದೇವರಬೀಸನಹಳ್ಳಿ, ದೊಡ್ಡನೆಕ್ಕುಂದಿ, ಮಹದೇವಪುರ ಮುಂತಾದೆಡೆ ಮೇಲ್ಸೇತುವೆಗಳಿವೆ. ಮೇಲ್ಸೇತುವೆ ಶುರುವಾಗುವ ಜಾಗದಲ್ಲಿ ಎಡಕ್ಕೆ ಇಳಿಯುವ ಕಾರುಗಳು ಸೈಕಲ್ ಸವಾರನ ಮುಂದೆ ಅಡ್ಡಹಾಯುತ್ತವೆ. ಸೇತುವೆ ಮುಗಿದಲ್ಲಿ ಮೇಲಿನಿಂದ ವೇಗವಾಗಿ ಬರುವ ವಾಹನಗಳು ಅವನ ಬಲಗಡೆಯಿಂದ ಎಡಕ್ಕೆ ಸರಿಯುತ್ತವೆ. ನೇರವಾಗಿ ಹೋಗಬೇಕಾದ ಸವಾರ ಈ ಎರಡು ಹರಿವುಗಳ ನಡುವೆ, ಎರಡೂ ಕಡೆಯವರಿಗೆ ಕೈಸನ್ನೆ ಮಾಡುತ್ತ, ಸಾಗಬೇಕಾಗುತ್ತದೆ. ಸಿಗ್ನಲ್ ಇರುವೆಡೆ ‘ಫ್ರೀ ಲೆಫ್ಟ್’, ಅಂದರೆ ದೀಪ ಕೆಂಪಿದ್ದರೂ ಎಡಕ್ಕೆ ತಿರುಗಬಹುದೆಂಬ ಸೌಲಭ್ಯ, ಪಾದಚಾರಿಗೂ ಸೈಕಲ್ಲಿಗೂ ದಾಟುವ ಒಂದೇ ಒಂದು ನಿಶ್ಚಿತ ಕ್ಷಣವನ್ನೂ ಉಳಿಸುವುದಿಲ್ಲ. ಬಸ್ ನಿಲ್ದಾಣಗಳದ್ದು ಇನ್ನೊಂದು ಬಗೆಯ ಸಂಕಟ: ಬಸ್ಸು ಅಂಚಿಗೆ ಬರಲೇಬೇಕು, ಸೈಕಲ್ ಅಂಚಿನಲ್ಲೇ ಇರಬೇಕು, ಆದ್ದರಿಂದ ಪ್ರತಿ ನಿಲ್ದಾಣದಲ್ಲೂ ಹಗುರವಾದದ್ದು ಭಾರವಾದದ್ದಕ್ಕೆ ದಾರಿಬಿಟ್ಟು ಬಲಕ್ಕೆ, ವಾಹನಗಳ ನಡುವೆ, ಸರಿಯಬೇಕಾಗುತ್ತದೆ. ಪಥವನ್ನು ತಂಗುದಾಣದ ಹಿಂಬದಿಯಿಂದ ಸುತ್ತಿಸಿದರೆ ಈ ಸಂಕಟ ತಪ್ಪುತ್ತದೆ. ಅದಕ್ಕೆ ಬೇಕಾದ ಜಾಗ ಹೊರವರ್ತುಲ ರಸ್ತೆಯಷ್ಟು ಅಗಲವಾಗಿ ನಗರದ ಬೇರೆ ಯಾವ ಹಳೆಯ ರಸ್ತೆಯಲ್ಲೂ ದೊರೆಯದು.

ಇವು ನಕ್ಷೆಯಲ್ಲಿ ಕಾಣುವ ತೊಡಕುಗಳಾದರೆ, ನಕ್ಷೆಯಲ್ಲಿ ಕಾಣದ ಚಿಕ್ಕಪುಟ್ಟವು ಬಹಳ. ಚರಂಡಿಯ ಬಾಯಿಗೆ ಹಾಕುವ ಕಬ್ಬಿಣದ ಜಾಲರಿಯ ಕಂಬಿಗಳು ಚಲನೆಯ ದಿಕ್ಕಿಗೆ ಸಮಾನಾಂತರವಾಗಿದ್ದರೆ ಸೈಕಲ್ಲಿನ ತೆಳುವಾದ ಟೈರು ಅವುಗಳ ಸಂದಿಗೆ ಇಳಿದು ಸವಾರ ಮುಗ್ಗರಿಸುತ್ತಾನೆ. ಅದೇ ಜಾಲರಿಯನ್ನು ಅಡ್ಡಲಾಗಿ ತಿರುಗಿಸಿ ಇಟ್ಟರೆ ಅಪಾಯವೇ ಇಲ್ಲ, ಒಂದು ಪೈಸೆ ಹೆಚ್ಚಿನ ಖರ್ಚೂ ಇಲ್ಲ. ಟೆಕ್ ಪಾರ್ಕ್‌ಗಳ ಗೇಟಿನ ಮುಂದೆ ಕಾರು ಇಳಿಯಲೆಂದು ಪಥವನ್ನೇ ಕತ್ತರಿಸಿ ತಗ್ಗಿಸುವ ರೂಢಿಯಿಂದ ಸವಾರ ನೂರಿನ್ನೂರು ಮೀಟರಿಗೊಮ್ಮೆ ಇಳಿದು ಏರಬೇಕಾಗುತ್ತದೆ. ಮೋಟಾರು ವಾಹನ ನಿಂತು ಮತ್ತೆ ಹೊರಡಲು ಕಾಲಿನ ಒಂದು ಒತ್ತು ಸಾಕು, ಸೈಕಲ್ ನಿಂತು ಹೊರಡಲು ಸವಾರನ ಮೈಯ ಕಸುವೇ ವ್ಯಯವಾಗಬೇಕು ಎಂಬ ಸರಳ ಯಂತ್ರಶಾಸ್ತ್ರವನ್ನು ರಸ್ತೆ ವಿನ್ಯಾಸಕಾರರು ಗಮನಕ್ಕೆ ತಂದುಕೊಂಡಂತೆ ತೋರುವುದಿಲ್ಲ. ಹೀಗೆ ಕೂಡುರಸ್ತೆಗಳಲ್ಲೂ ಗೇಟುಗಳಲ್ಲೂ ಕಡಿದುಹೋದ ಪಥದ ಉದ್ದವನ್ನು ಕಿಲೋಮೀಟರುಗಳಲ್ಲಿ ಪ್ರಕಟಿಸುವುದು, ನಡುವಿನ ಮೆಟ್ಟಿಲುಗಳು ಕಳಚಿದ ಏಣಿಯ ಎತ್ತರವನ್ನು ಹೇಳಿಕೊಂಡಂತೆ.

ಈ ಪಥ ಯಾರಿಗೆ ಎಂಬ ಪ್ರಶ್ನೆಗೆ ಸಾರ್ವಜನಿಕ ಚರ್ಚೆಯಲ್ಲಿ ಸಿದ್ಧ ಉತ್ತರವೊಂದಿದ್ದು, ಹೆಲ್ಮೆಟ್ ಧರಿಸಿ ಗೇರ್ ಸೈಕಲ್ ಏರಿ ಕಚೇರಿಗೆ ಹೋಗುವ ಸಾಫ್ಟ್‌ವೇರ್ ಉದ್ಯೋಗಿಯ ಚಿತ್ರವನ್ನೇ ಇಲಾಖೆಗಳ ಪ್ರಚಾರ ಫಲಕಗಳೂ ಬಳಸುತ್ತವೆ. ಅವರ ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ನಸುಕಿನಲ್ಲಿ ಪಾಳಿ ಬದಲಾಗುವಾಗ ಇದೇ ಟೆಕ್ ಪಾರ್ಕ್ ಕಟ್ಟಡಗಳಿಗೆ ಬಂದು ಹೋಗುವ ಸೆಕ್ಯೂರಿಟಿ ಗಾರ್ಡುಗಳು, ಹೌಸ್‌ಕೀಪಿಂಗ್ ಕೆಲಸಗಾರರು, ತೋಟದ ಮಾಲಿಗಳು, ಪೇಪರ್ ಹಾಕುವ ಹುಡುಗರು, ಕಟ್ಟಡ ಕೂಲಿಗಳು ತುಳಿಯುವ ಸೈಕಲ್ ಆಯ್ಕೆಯ ಸೈಕಲ್ ಅಲ್ಲ, ಅನಿವಾರ್ಯದ ಸೈಕಲ್. ಪ್ರಯಾಣದ ಸಾಧನವನ್ನು ಕೇಳಿ ದಾಖಲಿಸಿದ 2011ರ ಜನಗಣತಿಯ ಪ್ರಕಾರ, ಕೃಷಿ ಮತ್ತು ಗೃಹ ಕೈಗಾರಿಕೆಯ ಹೊರತಾದ ಕೆಲಸಗಾರರಲ್ಲಿ ದೇಶದಾದ್ಯಂತ ಸುಮಾರು ಶೇ 13ರಷ್ಟು ಮಂದಿ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದು, ಈ ಪ್ರಮಾಣ ಸ್ಕೂಟರ್, ಮೋಟಾರ್ ಸೈಕಲ್‌ಗಳಲ್ಲಿ ಹೋಗುವವರಿಗಿಂತ ಕಡಿಮೆಯೇನೂ ಇರಲಿಲ್ಲ. ಆ ಬಳಿಕ ಸ್ಕೂಟರುಗಳ ಸಂಖ್ಯೆ ಏರಿರುವುದು ನಿಜ. ಬೆಂಗಳೂರಿನ ನೋಂದಾಯಿತ ವಾಹನಗಳೇ ಒಂದು ಕೋಟಿಯನ್ನು ದಾಟಿವೆ. ಆದರೆ ಸೈಕಲ್ಲಿಗೆ ನೋಂದಣಿ ಇಲ್ಲವಾದ್ದರಿಂದ ಅದರ ಲೆಕ್ಕ ಯಾವ ಕಡತದಲ್ಲೂ ತಾನಾಗಿ ಸೇರುವುದಿಲ್ಲ; ಎಣಿಸಲೆಂದೇ ನಿಂತು ಎಣಿಸಿದರೆ ಮಾತ್ರ ಅದು ಇರುವುದು ತಿಳಿಯುತ್ತದೆ.

ಒಂದು ಕಾಲಕ್ಕೆ ಇದೇ ಆಡಳಿತ ಸೈಕಲ್ಲನ್ನು ಚೆನ್ನಾಗಿಯೇ ಎಣಿಸುತ್ತಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು. ಪುರಸಭೆಗಳು ಸೈಕಲ್ಲಿಗೆ ತೆರಿಗೆ ವಿಧಿಸಿ ಲೋಹದ ಬಿಲ್ಲೆ ಕೊಡುತ್ತಿದ್ದವು, ರಾತ್ರಿ ದೀಪವಿಲ್ಲದೆ ಹೋದವರನ್ನು ಪೊಲೀಸರು ತಡೆದು ನಿಲ್ಲಿಸುತ್ತಿದ್ದರು, ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳಂಥ ಕಾರ್ಖಾನೆಗಳು ಕಾರ್ಮಿಕರ ಸೈಕಲ್ಲುಗಳಿಗೆಂದೇ ಸ್ಟ್ಯಾಂಡು ಕಟ್ಟಿಸಿದ್ದವು. ತೆರಿಗೆ ಹೋಯಿತು, ಅದರ ಜೊತೆಗೇ ಲೆಕ್ಕವೂ ಹೋಯಿತು. ಅನಂತರ ರಾಜ್ಯ ಸರ್ಕಾರವೇ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಹಂಚುವ ಯೋಜನೆಯನ್ನು ಆರಂಭಿಸಿ, ಕೋವಿಡ್ ಬರುವವರೆಗೂ ನಡೆಸಿತು. ಯೋಜನೆ ಆರಂಭವಾದಾಗ ಹದಿಮೂರರ ಪ್ರಾಯದಲ್ಲಿದ್ದವರು ಈಗ ಮೂವತ್ತು ದಾಟಿದ್ದಾರೆ; ಅವರಲ್ಲಿ ರಾಯಚೂರು, ಕಲಬುರಗಿ, ಯಾದಗಿರಿ ಕಡೆಯಿಂದ ದುಡಿಮೆ ಹುಡುಕಿಕೊಂಡು ಬೆಂಗಳೂರಿಗೆ ಬಂದವರಿಗೆ ಬರ ಇಲ್ಲ. ಹಳ್ಳಿಯಲ್ಲಿ ಸರ್ಕಾರವೇ ಕೈಗಿತ್ತ ವಾಹನವನ್ನು ರಾಜಧಾನಿಯಲ್ಲಿ ಓಡಿಸಲು ಹಾದಿ ಕೊಡದಿರುವುದು ಒಂದೇ ಸರ್ಕಾರದ ಎರಡು ನೀತಿಗಳ ನಡುವಿನ ವಿರೋಧವಲ್ಲದೆ ಬೇರೇನಲ್ಲ. ನಮ್ಮ ಮೆಟ್ರೊ 2022ರಿಂದ ಮಡಚುವ ಸೈಕಲ್ಲುಗಳನ್ನು ರೈಲಿನ ಕೊನೆಯ ಬೋಗಿಯಲ್ಲಿ ಒಯ್ಯಲು ಅವಕಾಶ ಕೊಟ್ಟಿರುವುದು ಒಳ್ಳೆಯದೇ ಆದರೂ, ಮಡಚುವ ಸೈಕಲ್ಲಿನ ಬೆಲೆ ಕೇಳಿದರೆ ಗಾರ್ಡ್ ಕೆಲಸದವನಿಗೆ ಆ ಅವಕಾಶ ಎಷ್ಟರಮಟ್ಟಿಗೆ ದಕ್ಕೀತೆಂದು ಊಹಿಸಬಹುದು. ಅವನಿಗೆ ಬೇಕಿರುವುದು ನಿಲ್ದಾಣದ ಬುಡದಲ್ಲಿ ಸೈಕಲ್ ಕಟ್ಟಿಹಾಕಲು ಒಂದು ಕಂಬಿ, ಮಳೆಗೆ ಒಂದು ಸೂರು, ಕಳ್ಳತನವಾಗದಂತೆ ಒಂದು ದೀಪ.

ಬೆಂಗಳೂರಿನಲ್ಲೇ ಇದಕ್ಕೂ ಮೊದಲು ಜಯನಗರದಲ್ಲಿ ಮಾಡಿದ ಸೈಕಲ್ ಪಟ್ಟಿಗಳ ಕಥೆಯನ್ನು ದೀರ್ಘವಾಗಿ ಹೇಳಬೇಕಿಲ್ಲ: 2012ರ ಹೊತ್ತಿಗೆ ರಸ್ತೆಯಂಚಿನಲ್ಲಿ ಗುರುತಿಸಿದ ಆ ಪಟ್ಟಿಗಳ ಮೇಲೆ ಕಾರುಗಳು ನಿಂತವು, ಅಷ್ಟೆ. ಕೋಲ್ಕತ್ತದಲ್ಲಿ 2013ರಲ್ಲಿ 170ಕ್ಕೂ ಹೆಚ್ಚು ರಸ್ತೆಗಳಲ್ಲಿ ಸೈಕಲ್ಲನ್ನೇ ನಿಷೇಧಿಸಿದ್ದಕ್ಕೆ ಹೋಲಿಸಿದರೆ ಬೆಂಗಳೂರಿನ ಉದಾಸೀನ ಸೌಮ್ಯವೆನ್ನಬಹುದು, ಆದರೆ ಸವಾರನ ಪಾಲಿಗೆ ಫಲ ಬೇರೆಯಲ್ಲ. ಇದಕ್ಕೆ ಎದುರಾಗಿ ಸ್ಪೇನ್ ದೇಶದ ಸೆವಿಲ್ ನಗರದ ಅನುಭವ ಗಮನಾರ್ಹ. ಸೈಕಲ್ ಸಂಸ್ಕೃತಿಯೇ ಇಲ್ಲವೆಂದು ಹೇಳಲಾಗುತ್ತಿದ್ದ, ಬೇಸಿಗೆಯಲ್ಲಿ ಬೆಂಗಳೂರಿಗಿಂತ ಬಹಳ ಹೆಚ್ಚು ಸುಡುವ ಆ ನಗರವು 2006ರಿಂದ 2010ರ ನಡುವೆ ಸುಮಾರು 120 ಕಿ.ಮೀ. ಪಥವನ್ನು ಬಿಡಿ ತುಂಡುಗಳಾಗಿ ಅಲ್ಲದೆ ಒಂದಕ್ಕೊಂದು ಹೆಣೆದ ಜಾಲವಾಗಿ, ಹಲವೆಡೆ ಕಾರು ನಿಲುಗಡೆಯ ಜಾಗವನ್ನೇ ತೆಗೆದುಕೊಂಡು ಕಟ್ಟಿದಾಗ ಸೈಕಲ್ ಪ್ರಯಾಣ ಹಲವು ಪಟ್ಟು ಹೆಚ್ಚಿತು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನ ಹವೆ ಸೈಕಲ್ಲಿಗೆ ಅದಕ್ಕಿಂತ ಅನುಕೂಲ. ಆರಾಮದ ವೇಗದಲ್ಲಿ ಗಂಟೆಗೆ 12ರಿಂದ 15 ಕಿ.ಮೀ. ಸಾಗುವ ಸವಾರ ಐದು ಕಿ.ಮೀ. ದೂರವನ್ನು 20–25 ನಿಮಿಷಗಳಲ್ಲಿ ಮುಟ್ಟುತ್ತಾನೆ. ಸಂಜೆಯ ಹೊತ್ತು ಬೆಳ್ಳಂದೂರಿನಿಂದ ಹೊರಟ ಕಾರಿನ ಬಗ್ಗೆ ಅಂಥ ಭರವಸೆಯ ಮಾತನ್ನು ಯಾರೂ ಆಡಲಾರರು.

ಇನ್ನು ಹೊಣೆಯ ವಿಷಯ. ರಸ್ತೆ ಪ್ರಾಧಿಕಾರದ್ದು, ಯೋಜನೆಯ ಪರಿಕಲ್ಪನೆ ನಗರ ಭೂಸಾರಿಗೆ ನಿರ್ದೇಶನಾಲಯದ್ದು, ಸಿಗ್ನಲ್ ಸಂಚಾರ ಪೊಲೀಸರದ್ದು, ಬಸ್ ಬಿಎಂಟಿಸಿಯದ್ದು, ಕಂಬ ಮೆಟ್ರೊ ನಿಗಮದ್ದು, ಅಗೆಯುವ ಹಕ್ಕು ಜಲಮಂಡಳಿ ಮತ್ತು ಬೆಸ್ಕಾಂನದ್ದು. ಪಥವು ಎಲ್ಲಿ ತುಂಡಾಗುತ್ತದೋ ಹೊಣೆಯೂ ಸರಿಯಾಗಿ ಅಲ್ಲಿಯೇ ತುಂಡಾಗುವುದು ಆಕಸ್ಮಿಕವಲ್ಲ. ಈ ಸಂಸ್ಥೆಗಳನ್ನೆಲ್ಲ ಒಂದು ಮೇಜಿನ ಸುತ್ತ ಕೂರಿಸಲೆಂದೇ 2022ರಲ್ಲಿ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯ್ದೆ ಆಯಿತು. ನಡೆಯುವವರ ಮತ್ತು ಸೈಕಲ್ ತುಳಿಯುವವರ ಹಕ್ಕುಗಳನ್ನು ನಿರೂಪಿಸುವ ಸಕ್ರಿಯ ಸಂಚಾರ ಮಸೂದೆ 2021ರಲ್ಲೇ ಸಿದ್ಧವಾಗಿದ್ದರೂ ಕರಡಾಗಿಯೇ ಉಳಿದಿದೆ. ಮೋಟಾರು ವಾಹನಗಳ ಕಾಯ್ದೆಗೆ 2019ರ ತಿದ್ದುಪಡಿ ಸೇರಿಸಿದ 138(1ಎ) ಮತ್ತು 210ಡಿ ವಿಧಿಗಳು ಯಂತ್ರರಹಿತ ವಾಹನಗಳ ಹಾಗೂ ಪಾದಚಾರಿಗಳ ಸಂಚಾರಕ್ಕೆ, ರಾಷ್ಟ್ರೀಯ ಹೆದ್ದಾರಿಗಳಲ್ಲದ ರಸ್ತೆಗಳ ವಿನ್ಯಾಸಕ್ಕೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದ್ದು, ಆ ನಿಯಮಗಳನ್ನು ಆರು ತಿಂಗಳಲ್ಲಿ ರೂಪಿಸುವಂತೆ ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿದೆ. ಕಾನೂನು ಇಲ್ಲವೆಂಬ ನೆಪಕ್ಕೆ ಇನ್ನು ಜಾಗವಿಲ್ಲ.

ಆದ್ದರಿಂದ ಈ ಪತ್ರದ ಕೋರಿಕೆ ಇಷ್ಟು. ಹೊಸ ಹೊರವರ್ತುಲ ರಸ್ತೆಯ ಟೆಂಡರ್ ಕರೆಯುವ ಮುನ್ನ ಪ್ರತಿ ಕೂಡುರಸ್ತೆಯ, ಪ್ರತಿ ಬಸ್ ನಿಲ್ದಾಣದ, ಪ್ರತಿ ಮೆಟ್ರೊ ಮೆಟ್ಟಿಲ ಬುಡದ ವಿನ್ಯಾಸವನ್ನು ಬೇರೆ ಬೇರೆಯಾಗಿ ಬಿಡಿಸಿ ಸಾರ್ವಜನಿಕರ ಮುಂದೆ ಇಡಬೇಕು. ಸೈಕಲ್ ಎಣಿಕೆಯನ್ನು ಕಚೇರಿಯ ವೇಳೆಗೆ ಮಾತ್ರ ಸೀಮಿತಗೊಳಿಸದೆ ನಸುಕಿನ ಐದು ಗಂಟೆಯಿಂದಲೇ, ಪಾಳಿ ಬದಲಾಗುವ ಹೊತ್ತಿನಲ್ಲೂ ನಡೆಸಬೇಕು. ಮತ್ತು ಪಥ ಪೂರ್ಣಗೊಂಡ ಮೇಲೆ ಅದರ ಇಡೀ ಉದ್ದಕ್ಕೂ, ಕೂಡುರಸ್ತೆಗಳನ್ನೂ ಒಳಗೊಂಡಂತೆ, ಉತ್ತರಿಸಬೇಕಾದ ಅಧಿಕಾರಿ ಒಬ್ಬರೇ ಎಂದು ಹುದ್ದೆಯ ಹೆಸರಿನೊಂದಿಗೆ ಆದೇಶ ಹೊರಡಿಸಬೇಕು. ಮೂರರಲ್ಲಿ ಒಂದನ್ನೇ ಮಾಡಲು ಸಾಧ್ಯವೆಂದಾದರೆ ಕೊನೆಯದನ್ನು ಮೊದಲು ಮಾಡಬೇಕೆಂದು ವಿನಂತಿ.