ನಗಿಸುವ ವಿದ್ಯೆಯ ಅಭ್ಯಾಸ

ಬಣ್ಣವಿಲ್ಲದೆ, ವೇಷವಿಲ್ಲದೆ, ಜೊತೆಗಾರನಿಲ್ಲದೆ ಒಬ್ಬನೇ ನಿಂತು ಸಭೆಯನ್ನು ನಗಿಸುವ ಪರಿಪಾಠವು ನಮ್ಮ ಸೀಮೆಯ ಗಣೇಶೋತ್ಸವಗಳಲ್ಲಿಯೂ ಶಾಲೆಗಳ ಗ್ಯಾದರಿಂಗುಗಳಲ್ಲಿಯೂ ಈಗ ಬೇರೂರಿದೆ. ಇದನ್ನು ಹೊಸತೆಂದು ಹಿರಿಯರು ಮೂಗು ಮುರಿಯಬೇಕಾದುದಿಲ್ಲ. ಸಂಸ್ಕೃತದ ದಶರೂಪಕಗಳಲ್ಲಿ ಭಾಣವೆಂಬುದೊಂದುಂಟು. ಅದರಲ್ಲಿ ಒಬ್ಬನೇ ನಟನು ಎದುರಿಗಿಲ್ಲದವರ ಮಾತನ್ನು ಕೇಳಿಸಿಕೊಂಡಂತೆ ನಟಿಸಿ, ತಾನೇ ಉತ್ತರ ಕೊಡುತ್ತ, ಇಡೀ ಬೀದಿಯನ್ನೇ ನಮ್ಮ ಕಣ್ಣಮುಂದೆ ತರುತ್ತಾನೆ. ಕನ್ನಡದಲ್ಲಿ ಗಂಗಾವತಿಯ ಪ್ರಾಣೇಶರು ಬೀಚಿಯವರ (೧೯೧೩–೧೯೮೦) ಹಾಸ್ಯವನ್ನು ಹೇಳುತ್ತ ಹೇಳುತ್ತ ಬೀಚಿ ಪ್ರಾಣೇಶರೆಂದೇ ಹೆಸರಾದರು. ಹಿರಿಯರ ಮಾತಿನಲ್ಲಿ ನಾಲಗೆಯನ್ನು ಪಳಗಿಸಿಕೊಂಡು ಆಮೇಲೆ ಸ್ವಂತದ್ದಕ್ಕೆ ಕೈಹಾಕುವುದು ಹವ್ಯಾಸಿಗಳಿಗೆ ತಕ್ಕ ದಾರಿಯೆಂದು ನಮಗೆ ತೋರುತ್ತದೆ.

ಹಿರೇಕೆರೂರಿನ ಗೊಬ್ಬರದಂಗಡಿಯೊಂದರಲ್ಲಿ ಲೆಕ್ಕ ಬರೆಯುವ ತರುಣನೊಬ್ಬನು ನಮ್ಮ ಹಳೆಯ ಶಿಷ್ಯನು. ಹಾನಗಲ್ಲಿನ ಗಣಪತಿಯ ಮುಂದೆ ಅವನು ತೊದಲುವ ಕಂಡಕ್ಟರನೊಬ್ಬನನ್ನು ಅಣಕಿಸಿ, ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದನು. ಶಿಗ್ಗಾವಿಯಲ್ಲಿಯೂ ನಗೆಯೇನೋ ಬಂದಿತು. ಆದರೆ ಮುಂದಿನ ಸಾಲಿನ ಹುಡುಗನೊಬ್ಬನು ತಲೆ ತಗ್ಗಿಸಿ, ತಾಯಿಯ ಸೆರಗು ಹಿಡಿದು ಎದ್ದುಹೋದನು. ಅವನೂ ತೊದಲುವವನೆಂದು ಆಮೇಲೆ ತಿಳಿಯಿತು. “ಮಾಸ್ತರ್ರೀ, ಮಂದಿ ನಕ್ಕರು, ಆದರ ನನಗ ನಿದ್ದಿ ಬರಲಿಲ್ಲ” ಎಂದು ತರುಣನು ನಮ್ಮಲ್ಲಿಗೆ ಬಂದನು.

ಭರತನು ನಗೆಯನ್ನು ಸ್ಮಿತದಿಂದ ಅತಿಹಸಿತದವರೆಗೆ ಆರು ಬಗೆಯಾಗಿ ಎಣಿಸಿ, ಕಣ್ಣೀರು ತರಿಸಿ ಪಕ್ಕೆ ಹಿಡಿಸುವ ನಗೆಯನ್ನು ಅಧಮರ ಪಾಲಿಗೆ ಬಿಟ್ಟಿದ್ದಾನೆ. ಇಷ್ಟು ಕಟ್ಟುನಿಟ್ಟು ನಮಗೆ ಒಪ್ಪಿಗೆಯಿಲ್ಲ. ಹೊಲದಿಂದ ದಣಿದು ಬಂದವನು ಪಕ್ಕೆ ಹಿಡಿದು ನಕ್ಕರೆ ಹೇಗೆ ಅಧಮನಾದಾನು? ಆದರೆ ನಾಟಕಗಳ ವಿದೂಷಕನನ್ನು ನೋಡಿರಿ. ಮೋದಕದ ಮೇಲಿನ ಆಸೆಯೂ ಅವನದೇ, ಪುಕ್ಕಲುತನವೂ ಅವನದೇ. ಅವನು ನಗೆಗೀಡುಮಾಡುವುದು ಮೊದಲು ತನ್ನನ್ನು. ನಿನ್ನ ಅಂಗಡಿಯ ಕಥೆಯನ್ನೇ ಹೇಳು ಎಂದೆವು.

ಕಥೆ ಸೊಗಸಾಗಿಯೇ ಇತ್ತು. ಅಂಗಡಿಯ ಉದ್ರಿ ಪಟ್ಟಿಯಲ್ಲಿ ಇವನ ತಂದೆಯದೂ ಒಂದು ಹೆಸರು. ಹಗಲು ಅಂಗಡಿಯಿಂದ ವಸೂಲಿಯ ಫೋನು ಮಾಡಿ, ರಾತ್ರಿ ಅದೇ ತಂದೆಯ ಎದುರಿಗೆ ಊಟಕ್ಕೆ ಕೂಡಬೇಕು! ಆದರೂ ಸವಣೂರಿನಲ್ಲಿ ಅದು ನೆಲಕಚ್ಚಿತು. ೧೯೪೮ರವರೆಗೆ ನವಾಬರ ಸಂಸ್ಥಾನವಾಗಿದ್ದ ಆ ಊರಿನಲ್ಲಿ ಕನ್ನಡ, ಉರ್ದು ಎರಡರ ಸವಿಯನ್ನೂ ಬಲ್ಲವರಿದ್ದಾರೆ. ಅಂಥವರಿಗೂ ನಗಲು ಎಡೆ ಬೇಕಷ್ಟೆ. ಇವನು ಹತ್ತು ನಿಮಿಷದ ಮಾತನ್ನು ಆರರಲ್ಲಿ ಮುಗಿಸಿದ್ದನು. ಸಾಲಗಾರನು ತನ್ನ ತಂದೆಯೆಂಬುದನ್ನೂ ಮೊದಲೇ ಹೇಳಿಬಿಟ್ಟಿದ್ದನು.

ಹಿರೇಕೆರೂರಿನ ಕಡೆಯವನಿಗೆ ಈ ಪಾಠಕ್ಕಾಗಿ ದೂರ ಹೋಗಬೇಕಿಲ್ಲ. ಸರ್ವಜ್ಞನ ಹೆಸರಿನೊಡನೆ ಬೆಸೆದುಕೊಂಡ ಅಬಲೂರು ಅಲ್ಲಿಯೇ ಇದೆ. ತ್ರಿಪದಿಯ ಮೊದಲೆರಡು ಸಾಲು ಸುಮ್ಮನೆ ನಡೆಯುತ್ತವೆ. ಕುಟುಕುವುದು ಮೂರನೆಯದು, ಅಲ್ಲಿಗೆ ಮಾತು ನಿಲ್ಲುತ್ತದೆ. ತರುಣನು ತನ್ನ ಮಾತನ್ನು ಮೊಬೈಲಿನಲ್ಲಿ ಹಿಡಿದಿಟ್ಟು ಕೇಳಿ, ತಂದೆಯ ಹೆಸರನ್ನು ಕೊನೆಗೆ ಸರಿಸಿ, ಅರ್ಧದಷ್ಟನ್ನು ಕತ್ತರಿಸಿದನು. ಆಮೇಲೆ ತಾಯಿಯೆದುರು ಹೇಳಿ ನೋಡಿದನು. ವಾಚಕರೇ, ಮನೆಯಲ್ಲಿ ಇಂಥ ಹವ್ಯಾಸದ ಮಕ್ಕಳಿದ್ದರೆ ಮೊದಲ ಪರೀಕ್ಷೆ ಅಡುಗೆಮನೆಯಲ್ಲಿಯೇ ಆಗಲಿ. ಅಲ್ಲಿ ದಾಕ್ಷಿಣ್ಯಕ್ಕೆ ನಗುವವರಿಲ್ಲ.

ಬರುವ ಜಾತ್ರೆಯಲ್ಲಿ ಅವನು ಸ್ವಂತ ಊರಿನವರ ಮುಂದೆಯೇ ನಿಲ್ಲುವವನಿದ್ದಾನೆ. ತಂದೆಯ ಅಪ್ಪಣೆ ಪಡೆಯಬೇಕೆಂದು ಹೇಳಿ ಕಳಿಸಿದೆವು. “ಹೇಳಪಾ, ಬಾಕಿ ಎಷ್ಟೈತಿ ಅಂತ ಮಾತ್ರ ಹೇಳಬ್ಯಾಡ” ಎಂದರಂತೆ.