ಲೆಕ್ಕ ತಪ್ಪಿದ್ದು ಅಭಿಮಾನಿಯೋ, ಪಂಡಿತರೋ?

ಸತತ ಮೂರು ಬಾರಿ ಚೆಂಡನ್ನು ಬುಟ್ಟಿಗೆ ಹಾಕಿದ ಬ್ಯಾಸ್ಕೆಟ್‌ಬಾಲ್ ಆಟಗಾರನಿಗೇ ಸಂಗಡಿಗರು ಮತ್ತೆ ಚೆಂಡು ನೀಡುತ್ತಾರೆ. ಅವನು ಲಯ ಕಂಡುಕೊಂಡಿದ್ದಾನೆ, ನಾಲ್ಕನೆಯದೂ ಗುರಿ ತಪ್ಪದು ಎಂಬುದು ಅವರ ನಂಬಿಕೆ. ಅಮೆರಿಕದಲ್ಲಿ ಇದಕ್ಕೆ ‘ಹಾಟ್ ಹ್ಯಾಂಡ್’ ಎಂಬ ಹೆಸರೇ ಇದೆ. ಇದು ಕೇವಲ ಭ್ರಮೆ ಎಂದು 1985ರಲ್ಲಿ ಥಾಮಸ್ ಗಿಲೊವಿಚ್, ರಾಬರ್ಟ್ ವಲೋನ್ ಮತ್ತು ಆಮೊಸ್ ಟ್ವೆರ್‌ಸ್ಕಿ ಸಾರಿದರು.

ಅವರು ಪ್ರಶ್ನಿಸಿದ 100 ಅಭಿಮಾನಿಗಳಲ್ಲಿ 91 ಮಂದಿ ಲಯವನ್ನು ನಂಬಿದ್ದರು. ಆದರೆ ಫಿಲಡೆಲ್ಫಿಯಾ ತಂಡದ 1980–81ರ ಅಂಕಿಅಂಶ ಬೇರೆಯೇ ಕಥೆ ಹೇಳಿತು. ಒಂದು ಎಸೆತ ಸಫಲವಾದ ಬಳಿಕ ಮುಂದಿನದು ಸಫಲವಾದ ಪ್ರಮಾಣ ಶೇ 51. ವಿಫಲವಾದ ಬಳಿಕ ಶೇ 54. ಕಾರ್ನೆಲ್ ವಿಶ್ವವಿದ್ಯಾಲಯದ 26 ಆಟಗಾರರ ಪರೀಕ್ಷೆಯಲ್ಲೂ ಲಯದ ಸುಳಿವು ಕಾಣಲಿಲ್ಲವೆಂದು ಅವರು ತೀರ್ಮಾನಿಸಿದರು. ಮುಂದಿನ ಮೂರು ದಶಕ ಈ ನಂಬಿಕೆ ಮನುಷ್ಯನ ಅವಿವೇಕಕ್ಕೆ ಪಠ್ಯಪುಸ್ತಕದ ಉದಾಹರಣೆಯಾಯಿತು.

ದೋಷವಿದ್ದದ್ದು ಅಳತೆಗೋಲಿನಲ್ಲಿ ಎಂದು ಜೋಶುವಾ ಮಿಲ್ಲರ್ ಮತ್ತು ಆಡಮ್ ಸಂಜುರ್ಹೊ 2018ರಲ್ಲಿ ‘ಎಕನಾಮೆಟ್ರಿಕಾ’ ಪತ್ರಿಕೆಯಲ್ಲಿ ತೋರಿಸಿದರು. ಒಂದು ನಾಣ್ಯವನ್ನು ಮೂರು ಸಲ ಚಿಮ್ಮಿದರೆ ಎಂಟು ಬಗೆಯ ಸರಣಿಗಳು ಸಾಧ್ಯ. ಅವುಗಳಲ್ಲಿ ಆರರಲ್ಲಿ ಮಾತ್ರ ‘ಹೆಡ್’ ಬಿದ್ದ ಬಳಿಕ ಇನ್ನೊಂದು ಚಿಮ್ಮುವಿಕೆ ಇರುತ್ತದೆ. ಅದೂ ಹೆಡ್ ಆದ ಪ್ರಮಾಣವನ್ನು ಪ್ರತಿ ಸರಣಿಯಲ್ಲೂ ಲೆಕ್ಕಹಾಕಿ ಸರಾಸರಿ ತೆಗೆದರೆ ಶೇ 50 ಬರುವುದಿಲ್ಲ. ಸುಮಾರು ಶೇ 42 ಬರುತ್ತದೆ. ಹೆಡ್‌ಗಳು ಒಂದೇ ಸರಣಿಯಲ್ಲಿ ಗುಂಪುಗೂಡಿದರೂ ಆ ಸರಣಿಗೆ ಸಿಗುವುದು ಒಂದೇ ಮತ.

ಎಸೆತಗಳ ಸಂಖ್ಯೆ ಹೆಚ್ಚಿದಂತೆ ಈ ಓರೆ ಕುಗ್ಗುವುದಾದರೂ ಬೇಗನೆ ಅಳಿಯದು. ಲಯವೇ ಇಲ್ಲದ, ಅರ್ಧದಷ್ಟು ಗುರಿ ಮುಟ್ಟುವ ಆಟಗಾರ 100 ಬಾರಿ ಎಸೆದರೆ, ಸತತ ಮೂರು ಯಶಸ್ಸಿನ ನಂತರ ಅವನಿಂದ ನಿರೀಕ್ಷಿಸಬೇಕಾದ ಪ್ರಮಾಣ ಸುಮಾರು ಶೇ 46. ಅಂದರೆ ಅಲ್ಲಿ ಶೇ 50 ಕಂಡರೆ ಅದೇ ಲಯದ ಕುರುಹು. ಓರೆಯನ್ನು ಸರಿಪಡಿಸಿ ನೋಡಿದಾಗ ಕಾರ್ನೆಲ್‌ನ ಅದೇ ಅಂಕಿಗಳಲ್ಲಿ ಲಯ ಗೋಚರಿಸಿತು!

ಹಾಗೆಂದು ಅಭಿಮಾನಿಗಳ ಅಂದಾಜೂ ಪೂರ್ತಿ ಸರಿಯಲ್ಲ. ಅರ್ಧದಷ್ಟು ಗುರಿ ಮುಟ್ಟುವ ಆಟಗಾರ ಯಶಸ್ಸಿನ ಬಳಿಕ ಶೇ 61, ವೈಫಲ್ಯದ ಬಳಿಕ ಶೇ 42ರಷ್ಟು ಸಫಲನಾಗುತ್ತಾನೆಂದು ಅವರು ಭಾವಿಸಿದ್ದರು. ನಿಜವಾದ ಪಂದ್ಯದಲ್ಲಿ ಲಯದಲ್ಲಿರುವವನನ್ನು ಎದುರಾಳಿಗಳು ಸುತ್ತುವರಿಯುತ್ತಾರೆ. ಅವನೂ ಕಷ್ಟದ ಎಸೆತಗಳಿಗೆ ಕೈಹಾಕುತ್ತಾನೆ. ಎಸೆತದ ಕಷ್ಟವನ್ನು ಪರಿಗಣಿಸಿದ 2014ರ ಹಾರ್ವರ್ಡ್ ಅಧ್ಯಯನವೊಂದಕ್ಕೆ ಕಂಡ ಲಾಭ ಶೇಕಡಾ ಒಂದೆರಡು ಅಂಶಗಳಷ್ಟೇ.

ಪುರಾವೆ ಸಿಗಲಿಲ್ಲ ಎನ್ನುವುದು ಬೇರೆ, ಇಲ್ಲವೇ ಇಲ್ಲ ಎನ್ನುವುದು ಬೇರೆ. ಅಂಕಿಅಂಶಗಳ ಬಲದಿಂದ ಜನರ ಅನುಭವವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ಮುನ್ನ ನಮ್ಮ ಅಳತೆಗೋಲನ್ನೇ ಒಮ್ಮೆ ಅಳೆದು ನೋಡುವ ವಿನಯ ಬೇಕು. ಮೂವತ್ತಮೂರು ವರ್ಷ ಆ ಕೆಲಸ ಆಗಲಿಲ್ಲ ಎಂಬುದೇ ಈ ಪ್ರಕರಣದ ಪಾಠ.