ಉತ್ಸಾಹಕ್ಕೆ ವ್ಯವಹಾರಜ್ಞಾನದ ಆಸರೆ

ಮಂಗಳೂರಿನ ಶಕ್ತಿನಗರದ ಕಲಾಂಗಣವನ್ನು ನೆಲೆಯಾಗಿಸಿಕೊಂಡ ಮಾಂಡ್ ಸೊಭಾಣ್ ಸಂಸ್ಥೆಯು 2008ರ ಜನವರಿ 26 ಮತ್ತು 27ರಂದು 40 ಗಂಟೆಗಳ ಕಾಲ ನಿರಂತರವಾಗಿ ಕೊಂಕಣಿ ಗಾಯನ ನಡೆಸಿ ಗಿನ್ನೆಸ್ ದಾಖಲೆ ಸ್ಥಾಪಿಸಿತು. ಅದು ಉತ್ಸಾಹದ ಸಾಧನೆ. ಅದೇ ಸಂಸ್ಥೆಯು 2002ರಲ್ಲಿಯೇ ಇನ್ನೊಂದು ಸರಳ ಕ್ರಮವನ್ನು ಆರಂಭಿಸಿತ್ತು: ಪ್ರತಿ ತಿಂಗಳ ಮೊದಲ ಭಾನುವಾರ ಸಂಜೆ ಒಂದು ನಾಟಕ, ಸಂಗೀತ ಅಥವಾ ನೃತ್ಯ. ದಿನ ನಿಶ್ಚಿತವಾದುದರಿಂದ ಪ್ರೇಕ್ಷಕರಿಗೂ ಕಲಾವಿದರಿಗೂ ಅದು ರೂಢಿಯಾಯಿತು. ಇದು ವ್ಯವಹಾರಜ್ಞಾನದ ಸಾಧನೆ. ಭಾಷೆಯೊಂದು ಬಾಳಲು ಇವೆರಡೂ ಬೇಕು. ಆದರೆ ದಿನನಿತ್ಯದ ಬದುಕನ್ನು ನಡೆಸುವುದು ಎರಡನೆಯದು.

ಕರಾವಳಿಯ ವಾಣಿಜ್ಯ ಪರಂಪರೆಗೆ ಈ ಪಾಠ ಹೊಸದಲ್ಲ. 1925ರಲ್ಲಿ ಉಡುಪಿಯಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ಬ್ಯಾಂಕಿಗೆ ಬರಲು ಬಡವನಿಗೆ ಬಿಡುವಿಲ್ಲ, ಬಂದರೂ ಕಟ್ಟಲು ದೊಡ್ಡ ಮೊತ್ತವಿಲ್ಲ. ಆದುದರಿಂದ ಬ್ಯಾಂಕೇ ಅವನ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯನ್ನಾದರೂ ಸಂಗ್ರಹಿಸಬೇಕು. ಇದರಲ್ಲಿ ಪಾಂಡಿತ್ಯವೇನೂ ಇರಲಿಲ್ಲ. ಕಣ್ಣೆದುರಿನ ಕೊರತೆಯನ್ನು ಕಂಡು ಮೊದಲ ಹೆಜ್ಜೆ ಇಡುವ ಛಾತಿ ಇತ್ತು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತಾದರೂ ಪಿಗ್ಮಿ ಎಂಬ ಮಾತು ಪೇಟೆಯಲ್ಲಿ ಇಂದಿಗೂ ಚಲಾವಣೆಯಲ್ಲಿದೆ.

ಇಂತಹ ನೆಲದಲ್ಲಿಯೇ ಯುವಜನರಲ್ಲಿ ಸ್ವಂತಿಕೆಯಿಲ್ಲ, ಹೇಳದೆ ಯಾವ ಕೆಲಸವೂ ಆಗುವುದಿಲ್ಲ ಎಂಬ ದೂರು ವರ್ತಕರಿಂದ ಕೇಳಿಬರುತ್ತದೆ. ದೂರು ಸುಳ್ಳಲ್ಲ, ಆದರೆ ಅದರ ಕಾರಣವನ್ನು ಅಂಗಡಿಯೊಳಗೇ ಹುಡುಕಬೇಕಾಗಿದೆ. ಗ್ರಾಹಕನು ಕೆಟ್ಟ ಮಾಲನ್ನು ಮರಳಿ ತಂದಾಗ ದೋಷ ಕಣ್ಣಿಗೆ ಕಾಣುತ್ತಿದ್ದರೂ ಕೌಂಟರಿನಲ್ಲಿರುವವನು "ಧಣಿಗಳು ಬರಲಿ" ಎನ್ನುತ್ತಾನೆ. ಅವನಿಗೆ ಬುದ್ಧಿಯಿಲ್ಲವೆಂದಲ್ಲ. ಹಿಂದೊಮ್ಮೆ ತಾನಾಗಿ ನಿರ್ಧರಿಸಿ, ನಾಲ್ವರೆದುರು ಬೈಸಿಕೊಂಡದ್ದನ್ನು ಅವನು ಮರೆತಿಲ್ಲ. ಅಂದಿನಿಂದ ಸುಮ್ಮನಿರುವುದೇ ಜಾಣತನವೆಂದು ಕಲಿತಿದ್ದಾನೆ. ಗ್ರಾಹಕನಾದರೋ ಧಣಿಗಾಗಿ ಕಾಯದೆ ಪಕ್ಕದ ಅಂಗಡಿಗೆ ನಡೆಯುತ್ತಾನೆ.

ಅಧಿಕಾರ ಬಿಟ್ಟುಕೊಟ್ಟರೆ ನಷ್ಟವಾಗಬಹುದೆಂಬ ಆತಂಕ ಸಹಜ. ಅದಕ್ಕೆ ಮಿತಿಯೇ ಪರಿಹಾರ. ಇಂತಿಷ್ಟು ರೂಪಾಯಿಯವರೆಗಿನ ಬದಲಾವಣೆ, ರಿಯಾಯಿತಿ, ದುರಸ್ತಿಗಳನ್ನು ಸಿಬ್ಬಂದಿಯೇ ನಿರ್ಧರಿಸಲಿ. ಅವು ಪುಸ್ತಕದಲ್ಲಿ ದಾಖಲಾಗಲಿ. ತಿಂಗಳಿಗೊಮ್ಮೆ ಧಣಿಯು ಅವರೊಡನೆ ಕುಳಿತು ಪರಿಶೀಲಿಸಲಿ. ತಪ್ಪನ್ನು ತಿದ್ದಬೇಕು, ಆದರೆ ಗ್ರಾಹಕರ ಮುಂದೆ ಗದರಬಾರದು. ಮನೆಯಲ್ಲಿ ಮಕ್ಕಳ ಕೈಗೆ ಪೇಟೆಯ ಚೀಲವನ್ನೂ ಹಣವನ್ನೂ ಕೊಟ್ಟು ಕಳುಹಿಸುವ ತಾಯಂದಿರು ಈ ನೀತಿಯನ್ನು ಎಂದಿನಿಂದಲೂ ಬಲ್ಲರು.

ವಿವೇಕವೂ ಪಿಗ್ಮಿ ಖಾತೆಯಂತೆಯೇ. ದಿನವೂ ಸ್ವಲ್ಪ ಸ್ವಲ್ಪವಾಗಿ ಕಟ್ಟಲು ಅವಕಾಶವಿದ್ದರೆ ಮಾತ್ರ ಅದು ಬೆಳೆಯುತ್ತದೆ.